ಆನ್‌ಲೈನ್ ಲೈಂಗಿಕ ಶೋಷಣೆಯಿಂದ ಮಕ್ಕಳ ರಕ್ಷಣೆ: ಕಾನೂನುಗಳು ಮತ್ತು ಯಾದಗಿರಿ ಜಿಲ್ಲೆ

ಆನ್‌ಲೈನ್ ಲೈಂಗಿಕ ಶೋಷಣೆಯಿಂದ ಮಕ್ಕಳನ್ನು ರಕ್ಷಿಸುವ ಕಾನೂನುಗಳು ಎಂದರೆ ಅಂತರಜಾಲ, ಮೊಬೈಲ್ ಫೋನ್ ಮತ್ತು ಸಾಮಾಜಿಕ ಜಾಲತಾಣಗಳ ಮೂಲಕ 18 ವರ್ಷದೊಳಗಿನವರ ಮೇಲೆ ನಡೆಯುವ ಲೈಂಗಿಕ ಅಪರಾಧಗಳನ್ನು ತಡೆಯಲು, ಶಿಕ್ಷಿಸಲು ಹಾಗೂ ಸಂತ್ರಸ್ತ ಮಗುವಿಗೆ ನೆರವು ಒದಗಿಸಲು ಭಾರತದಲ್ಲಿ ಜಾರಿಯಲ್ಲಿರುವ ಕಾಯ್ದೆ, ನಿಯಮ ಮತ್ತು ನ್ಯಾಯಾಲಯದ ತೀರ್ಪುಗಳ ಸಮೂಹವಾಗಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, 2012 (ಪೋಕ್ಸೊ) ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಇವುಗಳಲ್ಲಿ ಪ್ರಮುಖವಾದವು. ಭಾರತೀಯ ನ್ಯಾಯ ಸಂಹಿತೆ, 2023 ಮತ್ತು ಬಾಲನ್ಯಾಯ (ಮಕ್ಕಳ ಆರೈಕೆ ಮತ್ತು ರಕ್ಷಣೆ) ಕಾಯ್ದೆ, 2015 ಇವುಗಳಿಗೆ ಪೂರಕವಾಗಿವೆ. ಈ ಕಾನೂನುಗಳು ದೇಶದಾದ್ಯಂತ ಏಕರೂಪವಾಗಿದ್ದರೂ ಅವುಗಳ ಜಾರಿಯ ಹೊಣೆ ಜಿಲ್ಲಾ ಮಟ್ಟದ ಪೊಲೀಸ್, ನ್ಯಾಯಾಲಯ ಮತ್ತು ಮಕ್ಕಳ ರಕ್ಷಣಾ ವ್ಯವಸ್ಥೆಯ ಮೇಲಿದೆ. ಈ ಲೇಖನವು ಕಾನೂನುಗಳ ಸ್ವರೂಪವನ್ನೂ, ಕಲ್ಯಾಣ ಕರ್ನಾಟಕದ ಯಾದಗಿರಿ ಜಿಲ್ಲೆಯ ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗಗಳಲ್ಲಿ ಅವು ಅನ್ವಯವಾಗುವ ಬಗೆಯನ್ನೂ ವಿವರಿಸುತ್ತದೆ.

## ಪರಿಭಾಷೆ

ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷ ತುಂಬದ ಯಾವುದೇ ವ್ಯಕ್ತಿ 'ಮಗು' ಎನಿಸಿಕೊಳ್ಳುತ್ತದೆ. ಕಾಯ್ದೆಯು ಗಂಡು, ಹೆಣ್ಣು ಎಂಬ ಭೇದ ಮಾಡುವುದಿಲ್ಲ. ಆದ್ದರಿಂದ ಬಾಲಕರ ಮೇಲಿನ ಶೋಷಣೆಯೂ ಅಷ್ಟೇ ತೀವ್ರತೆಯ ಅಪರಾಧವಾಗಿದೆ.

ಮಕ್ಕಳನ್ನು ಲೈಂಗಿಕವಾಗಿ ಚಿತ್ರಿಸುವ ಫೋಟೊ, ವಿಡಿಯೊ ಮುಂತಾದವುಗಳನ್ನು ಕಾಯ್ದೆಯ ಪಠ್ಯವು 'ಮಕ್ಕಳ ಅಶ್ಲೀಲ ಚಿತ್ರ' ಎಂಬ ಅರ್ಥದ ಪದದಿಂದ ಗುರುತಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿಸಲಾದ ವ್ಯಾಖ್ಯೆಯು ನೈಜ ಚಿತ್ರಗಳನ್ನಷ್ಟೇ ಅಲ್ಲದೆ, ನೈಜ ಮಗುವಿನಿಂದ ಬೇರ್ಪಡಿಸಿ ಗುರುತಿಸಲಾಗದಂತೆ ಕಂಪ್ಯೂಟರ್‌ನಿಂದ ರಚಿಸಿದ ಚಿತ್ರಗಳನ್ನೂ, ಮಗುವಿನಂತೆ ತೋರುವ ಹಾಗೆ ತಿದ್ದಿದ ಚಿತ್ರಗಳನ್ನೂ ಒಳಗೊಂಡಿದೆ. ಹೀಗಾಗಿ ಶಾಲಾ ಬಾಲಕಿಯ ಸಾಮಾನ್ಯ ಫೋಟೊವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶ ಬಳಸಿ ನಗ್ನ ಚಿತ್ರವಾಗಿ ಮಾರ್ಪಡಿಸುವ ಕೃತ್ಯವೂ ಈ ವ್ಯಾಖ್ಯೆಯ ವ್ಯಾಪ್ತಿಗೆ ಬರುತ್ತದೆ.

ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ 'ಮಕ್ಕಳ ಅಶ್ಲೀಲ ಚಿತ್ರ' ಎಂಬ ಪದಬಳಕೆಯನ್ನು ಕೈಬಿಟ್ಟು, 'ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ' ಎಂಬ ಅರ್ಥದ ಪದವನ್ನು ಬಳಸುವಂತೆ ಎಲ್ಲ ನ್ಯಾಯಾಲಯಗಳಿಗೆ ಸೂಚಿಸಿತು. ಹಳೆಯ ಪದವು ಮಗುವಿನ ಸಮ್ಮತಿ ಇದ್ದಂತೆ ಧ್ವನಿಸುತ್ತದೆ ಮತ್ತು ಪ್ರತಿಯೊಂದು ಚಿತ್ರದ ಹಿಂದೆ ಒಂದು ದೌರ್ಜನ್ಯ ನಡೆದಿದೆ ಎಂಬ ಸತ್ಯವನ್ನು ಮರೆಮಾಚುತ್ತದೆ ಎಂಬುದು ಇದಕ್ಕೆ ಕಾರಣ. ಈ ಲೇಖನದಲ್ಲಿ ಮುಂದೆ 'ಶೋಷಣಾ ಸಾಮಗ್ರಿ' ಎಂಬ ಪದವನ್ನು ಬಳಸಲಾಗಿದೆ.

## ಹಿನ್ನೆಲೆ

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು 20 ನವೆಂಬರ್ 1989ರಂದು ಅಂಗೀಕಾರವಾಯಿತು. ಅದರ 34ನೆಯ ವಿಧಿಯು ಮಕ್ಕಳನ್ನು ಎಲ್ಲ ಬಗೆಯ ಲೈಂಗಿಕ ಶೋಷಣೆಯಿಂದ ರಕ್ಷಿಸುವ ಹೊಣೆಯನ್ನು ಸದಸ್ಯ ರಾಷ್ಟ್ರಗಳಿಗೆ ವಹಿಸುತ್ತದೆ. ಭಾರತವು 11 ಡಿಸೆಂಬರ್ 1992ರಂದು ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಮಕ್ಕಳ ಮಾರಾಟ, ವೇಶ್ಯಾವೃತ್ತಿ ಮತ್ತು ಅಶ್ಲೀಲ ಚಿತ್ರಗಳಲ್ಲಿ ಮಕ್ಕಳ ಬಳಕೆಯನ್ನು ಕುರಿತ ಐಚ್ಛಿಕ ಪೂರಕ ಒಪ್ಪಂದವನ್ನು 2005ರಲ್ಲಿ ಸ್ಥಿರೀಕರಿಸಿತು.

ಮಾಹಿತಿ ತಂತ್ರಜ್ಞಾನ ಕಾಯ್ದೆಯು 17 ಅಕ್ಟೋಬರ್ 2000ರಂದು ಜಾರಿಗೆ ಬಂದಾಗ ಅದರಲ್ಲಿ ಅಶ್ಲೀಲತೆಯನ್ನು ಕುರಿತ ಸಾಮಾನ್ಯ ಕಲಂ 67 ಮಾತ್ರ ಇತ್ತು. ಮಕ್ಕಳಿಗೆ ಸಂಬಂಧಿಸಿದ ಪ್ರತ್ಯೇಕ ಉಪಬಂಧ ಇರಲಿಲ್ಲ. 2008ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 67ಬಿ 27 ಅಕ್ಟೋಬರ್ 2009ರಿಂದ ಜಾರಿಗೆ ಬಂದು ಆ ಕೊರತೆಯನ್ನು ತುಂಬಿತು. ಆಗಲೂ ಮಗುವಿನ ಹೇಳಿಕೆ ಪಡೆಯುವ ವಿಧಾನ, ವಿಶೇಷ ನ್ಯಾಯಾಲಯ, ಗೋಪ್ಯತೆ ಮುಂತಾದ ವಿಷಯಗಳಿಗೆ ಕಾನೂನಿನ ಆಧಾರ ಇರಲಿಲ್ಲ. ಪೋಕ್ಸೊ ಕಾಯ್ದೆಯು 19 ಜೂನ್ 2012ರಂದು ರಾಷ್ಟ್ರಪತಿಗಳ ಅಂಕಿತ ಪಡೆದು, ಅದೇ ವರ್ಷದ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದು, ಜಾರಿಗೆ ಬಂದಿತು. ಶಿಕ್ಷೆಯನ್ನು ಹೆಚ್ಚಿಸಿದ 2019ರ ತಿದ್ದುಪಡಿ 16 ಆಗಸ್ಟ್ 2019ರಿಂದಲೂ, ಹೊಸ ಪೋಕ್ಸೊ ನಿಯಮಗಳು 9 ಮಾರ್ಚ್ 2020ರಿಂದಲೂ ಜಾರಿಯಲ್ಲಿವೆ.

## ಯಾದಗಿರಿ ಜಿಲ್ಲೆಯ ಸಂದರ್ಭ

ಯಾದಗಿರಿಯು ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾಯಿತು. ಆರಂಭದಲ್ಲಿ ಯಾದಗಿರಿ, ಶಹಾಪುರ ಮತ್ತು ಸುರಪುರ ಎಂಬ ಮೂರು ತಾಲ್ಲೂಕುಗಳಿದ್ದವು. ಅನಂತರ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ತಾಲ್ಲೂಕುಗಳು ರಚನೆಯಾದವು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 11,74,271. ಸಾಕ್ಷರತೆಯ ಪ್ರಮಾಣ ಶೇ. 51.83 ಇದ್ದು, ಇದು ಆ ಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ. ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯ ಪಡೆಯುವ ಜಿಲ್ಲೆಗಳಲ್ಲಿ ಯಾದಗಿರಿಯೂ ಸೇರಿದೆ. ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿಯೂ ಅದರ ಹೆಸರಿದೆ.

ಈ ಸಾಮಾಜಿಕ ಹಿನ್ನೆಲೆಯು ಕಾನೂನಿನ ಜಾರಿಯ ಮೇಲೆ ಹಲವು ಬಗೆಯಲ್ಲಿ ಪರಿಣಾಮ ಬೀರುತ್ತದೆ.

* ಗುಳೆ: ಜಿಲ್ಲೆಯ ಅನೇಕ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್ ನಗರಗಳಿಗೆ ಕೂಲಿಗಾಗಿ ಗುಳೆ ಹೋಗುತ್ತವೆ. ಮಕ್ಕಳು ಅಜ್ಜ ಅಜ್ಜಿಯರ ಬಳಿ ಅಥವಾ ವಸತಿನಿಲಯಗಳಲ್ಲಿ ಉಳಿದಾಗ ತಂದೆತಾಯಿಯೊಂದಿಗೆ ಮಾತನಾಡಲು ಫೋನ್ ಅಗತ್ಯವಾಗುತ್ತದೆ. ಆದರೆ ಅದರ ಬಳಕೆಯನ್ನು ಗಮನಿಸುವವರು ಮನೆಯಲ್ಲಿ ಇರುವುದಿಲ್ಲ.
* ಸಾಕ್ಷರತೆ: ಮನೆಯ ಹಿರಿಯರು ಓದುಬರಹ ಬಾರದವರಾಗಿದ್ದರೆ ಫೋನಿಗೆ ಬರುವ ಬೆದರಿಕೆಯ ಸಂದೇಶವನ್ನು ಗುರುತಿಸುವುದಾಗಲಿ, ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ತುಂಬುವುದಾಗಲಿ ಕಷ್ಟವಾಗುತ್ತದೆ.
* ಭಾಷೆ: ಕನ್ನಡದ ಜೊತೆಗೆ ಉರ್ದು, ತೆಲುಗು ಮತ್ತು ಲಂಬಾಣಿ ಭಾಷೆಗಳನ್ನಾಡುವ ಮಕ್ಕಳು ಜಿಲ್ಲೆಯಲ್ಲಿದ್ದಾರೆ. ಮಗು ಆಡಿದ ಮಾತನ್ನು ಆಡಿದಂತೆಯೇ ದಾಖಲಿಸಬೇಕೆಂಬ ಕಾನೂನಿನ ನಿಯಮವು ಇಂತಹ ಕಡೆ ಹೆಚ್ಚಿನ ಮಹತ್ವ ಪಡೆಯುತ್ತದೆ.
* ವಯಸ್ಸಿನ ದಾಖಲೆ: ಶಾಲೆ ಬಿಟ್ಟ ಅಥವಾ ಜನನ ನೋಂದಣಿಯಾಗದ ಮಕ್ಕಳ ವಯಸ್ಸನ್ನು ಸಾಬೀತುಪಡಿಸುವುದು ಪ್ರಕರಣದ ಮೊದಲ ಪ್ರಶ್ನೆಯಾಗುತ್ತದೆ. ಬಾಲನ್ಯಾಯ ಕಾಯ್ದೆಯ ಕಲಂ 94ರ ಪ್ರಕಾರ ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರವನ್ನು ಮೊದಲು ಪರಿಗಣಿಸಬೇಕು. ಅವು ಇಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರವನ್ನು, ಅದೂ ಇಲ್ಲದಿದ್ದಲ್ಲಿ ವೈದ್ಯಕೀಯ ಪರೀಕ್ಷೆಯನ್ನು ಆಧರಿಸಬೇಕು.

## ಪ್ರಮುಖ ಕಾನೂನುಗಳು

### ಪೋಕ್ಸೊ ಕಾಯ್ದೆ, 2012

ಆನ್‌ಲೈನ್ ಶೋಷಣೆಗೆ ನೇರವಾಗಿ ಸಂಬಂಧಿಸಿದ ಕಲಂಗಳು 11ರಿಂದ 15ರವರೆಗಿನವು.

ಕಲಂ 11 ಲೈಂಗಿಕ ಕಿರುಕುಳವನ್ನು ವ್ಯಾಖ್ಯಾನಿಸುತ್ತದೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ನೇರವಾಗಿ ಅಥವಾ ವಿದ್ಯುನ್ಮಾನ ಸಾಧನದ ಮೂಲಕ ಹಿಂಬಾಲಿಸುವುದು, ಗಮನಿಸುವುದು ಅಥವಾ ಸಂಪರ್ಕಿಸುವುದು ಇದರಲ್ಲಿ ಸೇರಿದೆ. ಮಗುವಿಗೆ ಅಶ್ಲೀಲ ಸಾಮಗ್ರಿಯನ್ನು ತೋರಿಸುವುದು, ಅಂತಹ ಚಿತ್ರೀಕರಣಕ್ಕಾಗಿ ಮಗುವನ್ನು ಪುಸಲಾಯಿಸುವುದು, ಹಾಗೂ ಮಗುವಿನ ನೈಜ ಅಥವಾ ಕೃತಕವಾಗಿ ಸೃಷ್ಟಿಸಿದ ಚಿತ್ರವನ್ನು ಮಾಧ್ಯಮದಲ್ಲಿ ಬಳಸುವುದಾಗಿ ಬೆದರಿಸುವುದು ಕೂಡ ಕಿರುಕುಳವೇ. ಚಿತ್ರವನ್ನು ಹರಿಬಿಡದಿದ್ದರೂ 'ಹರಿಬಿಡುತ್ತೇನೆ' ಎಂಬ ಬೆದರಿಕೆಯೇ ಅಪರಾಧವಾಗುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಕಲಂ 13 ಮಗುವನ್ನು ಅಶ್ಲೀಲ ಉದ್ದೇಶಕ್ಕೆ ಬಳಸುವುದನ್ನೂ, ಕಲಂ 14 ಅದಕ್ಕೆ ಶಿಕ್ಷೆಯನ್ನೂ ಹೇಳುತ್ತವೆ. ಚಿತ್ರೀಕರಣದ ಜೊತೆಗೆ ದೈಹಿಕ ದೌರ್ಜನ್ಯವೂ ನಡೆದಿದ್ದರೆ ಅದಕ್ಕೆ ಸಂಬಂಧಿಸಿದ ಕಲಂಗಳಡಿ ಪ್ರತ್ಯೇಕ ಶಿಕ್ಷೆಯೂ ಅನ್ವಯಿಸುತ್ತದೆ. ಕಲಂ 15 ಶೋಷಣಾ ಸಾಮಗ್ರಿಯ ಸಂಗ್ರಹವನ್ನು ಮೂರು ಬೇರೆ ಬೇರೆ ಅಪರಾಧಗಳಾಗಿ ವಿಂಗಡಿಸುತ್ತದೆ.

### ಮಾಹಿತಿ ತಂತ್ರಜ್ಞಾನ ಕಾಯ್ದೆ, 2000

ಕಲಂ 67ಬಿ ಮಕ್ಕಳನ್ನು ಲೈಂಗಿಕ ಕೃತ್ಯದಲ್ಲಿ ಚಿತ್ರಿಸುವ ಸಾಮಗ್ರಿಯನ್ನು ಪ್ರಕಟಿಸುವುದು ಮತ್ತು ರವಾನಿಸುವುದನ್ನು ನಿಷೇಧಿಸುತ್ತದೆ. ಇಂತಹ ಸಾಮಗ್ರಿಯನ್ನು ರಚಿಸುವುದು, ಸಂಗ್ರಹಿಸುವುದು, ಹುಡುಕುವುದು, ಜಾಲಾಡುವುದು, ಡೌನ್‌ಲೋಡ್ ಮಾಡುವುದು, ಜಾಹೀರಾತು ನೀಡುವುದು ಮತ್ತು ವಿನಿಮಯ ಮಾಡಿಕೊಳ್ಳುವುದು ಕೂಡ ಅಪರಾಧ. ಲೈಂಗಿಕ ಉದ್ದೇಶಕ್ಕಾಗಿ ಮಗುವನ್ನು ಆನ್‌ಲೈನ್ ಸಂಬಂಧಕ್ಕೆ ಸೆಳೆಯುವುದನ್ನು ಈ ಕಲಂ ಪ್ರತ್ಯೇಕವಾಗಿ ಹೆಸರಿಸುತ್ತದೆ. ಇದರೊಂದಿಗೆ ಖಾಸಗಿತನದ ಉಲ್ಲಂಘನೆಯನ್ನು ಕುರಿತ ಕಲಂ 66ಇ ಮತ್ತು ಬೇರೊಬ್ಬರ ಹೆಸರಿನಲ್ಲಿ ವಂಚಿಸುವುದನ್ನು ಕುರಿತ ಕಲಂ 66ಡಿ ಸಹ ಇಂತಹ ಪ್ರಕರಣಗಳಲ್ಲಿ ಅನ್ವಯವಾಗಬಹುದು. ಬಾಲಕಿಯ ಹೆಸರಿನ ನಕಲಿ ಖಾತೆ ತೆರೆದು ಇತರ ಮಕ್ಕಳ ಗೆಳೆತನ ಬೆಳೆಸುವುದು ಎರಡನೆಯದಕ್ಕೆ ಉದಾಹರಣೆ.

### ಶಿಕ್ಷೆಗಳು

| ಅಪರಾಧ | ಕಲಂ | ಶಿಕ್ಷೆ |
|---|---|---|
| ಲೈಂಗಿಕ ಕಿರುಕುಳ (ಆನ್‌ಲೈನ್ ಸಂಪರ್ಕ, ಬೆದರಿಕೆ ಸೇರಿ) | ಪೋಕ್ಸೊ 11, 12 | 3 ವರ್ಷದವರೆಗೆ ಸೆರೆವಾಸ ಮತ್ತು ದಂಡ |
| ಅಶ್ಲೀಲ ಉದ್ದೇಶಕ್ಕೆ ಮಗುವಿನ ಬಳಕೆ | ಪೋಕ್ಸೊ 13, 14 | ಕನಿಷ್ಠ 5 ವರ್ಷ ಸೆರೆವಾಸ ಮತ್ತು ದಂಡ; ಮರು ಅಪರಾಧಕ್ಕೆ ಕನಿಷ್ಠ 7 ವರ್ಷ |
| ಹಂಚುವ ಉದ್ದೇಶದಿಂದ ಸಾಮಗ್ರಿಯನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದು | ಪೋಕ್ಸೊ 15(1) | ಕನಿಷ್ಠ 5,000 ರೂ. ದಂಡ, ಮರು ಅಪರಾಧಕ್ಕೆ ಕನಿಷ್ಠ 10,000 ರೂ. |
| ರವಾನೆ, ಪ್ರದರ್ಶನ, ಹಂಚಿಕೆಗಾಗಿ ಸಂಗ್ರಹ | ಪೋಕ್ಸೊ 15(2) | 3 ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ |
| ವಾಣಿಜ್ಯ ಉದ್ದೇಶದ ಸಂಗ್ರಹ | ಪೋಕ್ಸೊ 15(3) | 3ರಿಂದ 5 ವರ್ಷ ಸೆರೆವಾಸ ಅಥವಾ ದಂಡ ಅಥವಾ ಎರಡೂ. ಮರು ಅಪರಾಧಕ್ಕೆ 5ರಿಂದ 7 ವರ್ಷ ಮತ್ತು ದಂಡ |
| ಸಾಮಗ್ರಿಯ ಪ್ರಕಟಣೆ, ಹುಡುಕಾಟ, ಡೌನ್‌ಲೋಡ್, ಮಗುವನ್ನು ಸೆಳೆಯುವುದು | ಮಾಹಿತಿ ತಂತ್ರಜ್ಞಾನ ಕಾಯ್ದೆ 67ಬಿ | 5 ವರ್ಷದವರೆಗೆ ಸೆರೆವಾಸ ಮತ್ತು 10 ಲಕ್ಷ ರೂ.ವರೆಗೆ ದಂಡ, ಮರು ಅಪರಾಧಕ್ಕೆ 7 ವರ್ಷದವರೆಗೆ |

ಒಂದೇ ಕೃತ್ಯವು ಪೋಕ್ಸೊ ಮತ್ತು ಕಲಂ 67ಬಿ ಎರಡರಡಿಯೂ ಅಪರಾಧವಾದಾಗ, ಹೆಚ್ಚಿನ ಶಿಕ್ಷೆ ಇರುವ ಕಾನೂನಿನಡಿ ಶಿಕ್ಷೆ ವಿಧಿಸಬೇಕೆಂದು ಪೋಕ್ಸೊ ಕಲಂ 42 ಹೇಳುತ್ತದೆ.

### ಇತರ ಕಾನೂನುಗಳು

1 ಜುಲೈ 2024ರಂದು ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 95 ಅಪರಾಧ ಕೃತ್ಯಕ್ಕೆ ಮಗುವನ್ನು ನೇಮಿಸಿಕೊಳ್ಳುವುದನ್ನು ಶಿಕ್ಷಿಸುತ್ತದೆ. ಲೈಂಗಿಕ ಶೋಷಣೆ ಅಥವಾ ಅಶ್ಲೀಲ ಚಿತ್ರಣಕ್ಕೆ ಮಗುವನ್ನು ಬಳಸುವುದು ಇದರ ಅರ್ಥವ್ಯಾಪ್ತಿಯಲ್ಲಿದೆ. ಕದ್ದು ನೋಡುವುದು ಮತ್ತು ಚಿತ್ರೀಕರಿಸುವುದು (77), ಹಿಂಬಾಲಿಸುವುದು (78), ಮಗುವಿಗೆ ಅಶ್ಲೀಲ ವಸ್ತು ಮಾರುವುದು (295), ಸುಲಿಗೆ (308) ಮತ್ತು ಕ್ರಿಮಿನಲ್ ಬೆದರಿಕೆ (351) ಕಲಂಗಳೂ ಪ್ರಸ್ತುತವಾಗುತ್ತವೆ. ಚಿತ್ರವನ್ನು ಮುಂದಿಟ್ಟುಕೊಂಡು ಹಣಕ್ಕಾಗಿ ಪೀಡಿಸುವ ಪ್ರಕರಣಗಳಲ್ಲಿ ಸುಲಿಗೆಯ ಕಲಂ ಮುಖ್ಯವಾದುದು. ಮಗುವಿನ ಆತ್ಮಹತ್ಯೆಗೆ ಪ್ರಚೋದನೆ ನೀಡುವುದು ಕಲಂ 107ರ ಅಡಿಯಲ್ಲಿ ಅತ್ಯಂತ ಗಂಭೀರ ಅಪರಾಧವಾಗಿದೆ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಕಲಂ 9 ಮಕ್ಕಳ ದತ್ತಾಂಶವನ್ನು ಬಳಸುವ ಮುನ್ನ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ. ಮಕ್ಕಳ ಆನ್‌ಲೈನ್ ನಡವಳಿಕೆಯ ಮೇಲೆ ಕಣ್ಣಿಟ್ಟು ಜಾಹೀರಾತು ಗುರಿಯಿಡುವುದನ್ನೂ ಅದು ನಿಷೇಧಿಸುತ್ತದೆ.

## ವರದಿ ಮಾಡುವ ಹೊಣೆ

ಪೋಕ್ಸೊ ಕಲಂ 19ರ ಪ್ರಕಾರ ಅಪರಾಧ ನಡೆದಿದೆ ಅಥವಾ ನಡೆಯುವ ಸಂಭವವಿದೆ ಎಂದು ತಿಳಿದ ಯಾವುದೇ ವ್ಯಕ್ತಿಯು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಶಿಕ್ಷಕರು, ವಸತಿನಿಲಯದ ಮೇಲ್ವಿಚಾರಕರು, ವೈದ್ಯರು, ಬಂಧುಗಳು ಯಾರೂ ಇದಕ್ಕೆ ಹೊರತಲ್ಲ. ಕಲಂ 20 ಮಾಧ್ಯಮ, ಹೋಟೆಲ್, ವಸತಿಗೃಹ, ಆಸ್ಪತ್ರೆ, ಸ್ಟುಡಿಯೊ ಮತ್ತು ಛಾಯಾಗ್ರಹಣ ಕೇಂದ್ರಗಳ ಮೇಲೆ ಇದೇ ಹೊಣೆಯನ್ನು ಪ್ರತ್ಯೇಕವಾಗಿ ಹೊರಿಸುತ್ತದೆ. ವರದಿ ಮಾಡದವರಿಗೆ ಕಲಂ 21ರ ಅಡಿ 6 ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಧೀನ ಸಿಬ್ಬಂದಿಯ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಸೆರೆವಾಸ ಮತ್ತು ದಂಡ ಉಂಟು. ವರದಿ ಮಾಡದಿದ್ದುದಕ್ಕಾಗಿ ಮಗುವನ್ನು ಶಿಕ್ಷಿಸುವಂತಿಲ್ಲ. ಸದುದ್ದೇಶದಿಂದ ಮಾಹಿತಿ ನೀಡಿದವರ ಮೇಲೆ ಯಾವುದೇ ಕಾನೂನು ಕ್ರಮ ಕೈಗೊಳ್ಳುವಂತಿಲ್ಲ.

ಊರಿನ ಹಿರಿಯರ ಸಮ್ಮುಖದಲ್ಲಿ ರಾಜಿ ಪಂಚಾಯಿತಿ ನಡೆಸಿ ಪ್ರಕರಣವನ್ನು ಮುಗಿಸುವುದಕ್ಕೆ ಈ ಕಾಯ್ದೆಯಲ್ಲಿ ಅವಕಾಶವಿಲ್ಲ. ರಾಜಿಯಾದ ಮಾತ್ರಕ್ಕೆ ವರದಿ ಮಾಡುವ ಹೊಣೆ ತಪ್ಪುವುದಿಲ್ಲ. ವಿಷಯ ತಿಳಿದೂ ಮುಚ್ಚಿಟ್ಟವರೇ ಆರೋಪಿಗಳಾಗಬಹುದು.

### ದೂರು ನೀಡುವ ಮಾರ್ಗಗಳು

* ಪೊಲೀಸ್ ಠಾಣೆ: ಶಹಾಪುರ, ಸುರಪುರ ಸೇರಿದಂತೆ ಯಾವುದೇ ಠಾಣೆಯಲ್ಲಿ ದೂರು ನೀಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಅಪರಾಧ ನಡೆದ ಸ್ಥಳ ಯಾವುದೇ ಇದ್ದರೂ ಠಾಣೆಯು ದೂರನ್ನು ದಾಖಲಿಸಬೇಕು. ಇದನ್ನು 'ಶೂನ್ಯ ಎಫ್‌ಐಆರ್' ಎನ್ನಲಾಗುತ್ತದೆ. ಬೆಂಗಳೂರಿಗೋ ಪುಣೆಗೋ ಗುಳೆ ಹೋದ ತಂದೆತಾಯಿ ಅಲ್ಲಿಯೇ ದೂರು ನೀಡಲು ಇದರಿಂದ ಸಾಧ್ಯವಾಗುತ್ತದೆ. ವಿದ್ಯುನ್ಮಾನ ರೂಪದಲ್ಲಿ ದೂರು ಕಳುಹಿಸಿದವರು ಮೂರು ದಿನಗಳೊಳಗೆ ಸಹಿ ಮಾಡಬೇಕು.
* ಸೆನ್ ಪೊಲೀಸ್ ಠಾಣೆ: ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ ತನಿಖೆಗೆ ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ ಈ ಠಾಣೆಗಳಿವೆ.
* ಮಕ್ಕಳ ಸಹಾಯವಾಣಿ 1098: ದಿನದ 24 ಗಂಟೆಯೂ ಉಚಿತ ಕರೆ ಮಾಡಬಹುದಾದ ಸೇವೆ. ಮಗುವೇ ಕರೆ ಮಾಡಬಹುದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು.
* ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್: ಕೇಂದ್ರ ಗೃಹ ಸಚಿವಾಲಯವು 2018ರಲ್ಲಿ ಆರಂಭಿಸಿದ ಈ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರುಗಳನ್ನು ಹೆಸರು ಬಹಿರಂಗಪಡಿಸದೆಯೂ ಸಲ್ಲಿಸಬಹುದು.
* ಪೋಕ್ಸೊ ಇ-ಬಾಕ್ಸ್: ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2016ರಲ್ಲಿ ಆರಂಭಿಸಿದ ಆನ್‌ಲೈನ್ ದೂರು ವ್ಯವಸ್ಥೆ.

ಶೋಷಣಾ ಸಾಮಗ್ರಿಯನ್ನು ಕಂಡವರು ಎಚ್ಚರಿಕೆ ನೀಡುವ ಉದ್ದೇಶದಿಂದಲಾದರೂ ಅದನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸುವುದು ಅಪರಾಧಕ್ಕೆ ಎಡೆಮಾಡುತ್ತದೆ. ನಿಯಮದಂತೆ ವರದಿ ಮಾಡುವುದಕ್ಕೆ ಮತ್ತು ನ್ಯಾಯಾಲಯದ ಸಾಕ್ಷ್ಯಕ್ಕೆ ಮಾತ್ರ ಕಲಂ 15(2) ವಿನಾಯಿತಿ ನೀಡಿದೆ. ಖಾತೆಯ ಹೆಸರು, ಸಂದೇಶ ಬಂದ ದಿನಾಂಕ, ಕೊಂಡಿಯ ವಿಳಾಸ ಮತ್ತು ಫೋನ್ ಸಂಖ್ಯೆಯಂತಹ ವಿವರಗಳು ತನಿಖೆಗೆ ನೆರವಾಗುತ್ತವೆ.

## ತನಿಖೆ

ಬಾಲನ್ಯಾಯ ಕಾಯ್ದೆಯ ಕಲಂ 107ರಂತೆ ಪ್ರತಿ ಜಿಲ್ಲೆಯಲ್ಲಿ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ನೇತೃತ್ವದ ವಿಶೇಷ ಮಕ್ಕಳ ಪೊಲೀಸ್ ಘಟಕವೂ, ಪ್ರತಿ ಠಾಣೆಯಲ್ಲಿ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೂ ಇರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ತನಿಖೆ ಮಾಡಬೇಕೆಂದು ಅದರ ಕಲಂ 78 ಹೇಳುತ್ತದೆ.

ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ ಪಡೆಯಬೇಕು. ಸಾಧ್ಯವಾದಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಹೇಳಿಕೆ ದಾಖಲಿಸಬೇಕು. ಆ ವೇಳೆ ಅಧಿಕಾರಿಯು ಸಮವಸ್ತ್ರದಲ್ಲಿ ಇರಬಾರದು. ಯಾವುದೇ ಕಾರಣಕ್ಕೂ ಮಗುವನ್ನು ರಾತ್ರಿ ವೇಳೆ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಾಹಿತಿ ಬಂದ 24 ಗಂಟೆಗಳೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಸಲ್ಲಿಸಬೇಕು. ಮ್ಯಾಜಿಸ್ಟ್ರೇಟರು ದಾಖಲಿಸುವ ಹೇಳಿಕೆಯು ಮಗು ನುಡಿದಂತೆಯೇ ಇರಬೇಕೆಂದು ಕಲಂ 25 ಹೇಳುತ್ತದೆ. ಅಗತ್ಯವಿದ್ದರೆ ಭಾಷಾಂತರಕಾರರ ನೆರವು ಪಡೆಯಲು ಕಲಂ 19 ಮತ್ತು 38ರಲ್ಲಿ ಅವಕಾಶವಿದೆ. ಲಂಬಾಣಿ ತಾಂಡಾದ ಮಗುವಿಗೆ ತನ್ನ ನುಡಿಯಲ್ಲಿಯೇ ಹೇಳಿಕೆ ನೀಡುವ ಹಕ್ಕು ಇದರಿಂದ ದೊರೆಯುತ್ತದೆ.

ಮೊಬೈಲ್, ಮೆಮೊರಿ ಕಾರ್ಡ್ ಮುಂತಾದ ವಿದ್ಯುನ್ಮಾನ ದಾಖಲೆಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಅಡಿಯ ಪ್ರಮಾಣಪತ್ರ ಅಗತ್ಯ. ಈ ಕ್ರಮದಲ್ಲಿ ಲೋಪವಾದರೆ ಸಾಕ್ಷ್ಯವೇ ತಿರಸ್ಕೃತವಾಗುವ ಅಪಾಯವಿದೆ.

### ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಸಹಕಾರ

ಅಮೆರಿಕದ ಕಾನೂನಿನ ಪ್ರಕಾರ ಅಲ್ಲಿನ ಅಂತರಜಾಲ ಕಂಪನಿಗಳು ತಮ್ಮ ಸೇವೆಗಳಲ್ಲಿ ಕಂಡುಬಂದ ಶೋಷಣಾ ಸಾಮಗ್ರಿಯನ್ನು ನಾಪತ್ತೆ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರಕ್ಕೆ ವರದಿ ಮಾಡಬೇಕು. ಭಾರತದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಮತ್ತು ಈ ಕೇಂದ್ರದ ನಡುವೆ 2019ರಲ್ಲಿ ಒಪ್ಪಂದವಾಯಿತು. ಆನಂತರ ಭಾರತಕ್ಕೆ ಸಂಬಂಧಿಸಿದ ವರದಿಗಳು ಬ್ಯೂರೊ ಮೂಲಕ ರಾಜ್ಯಗಳಿಗೂ, ಅಲ್ಲಿಂದ ಜಿಲ್ಲಾ ಪೊಲೀಸರಿಗೂ ತಲುಪುತ್ತವೆ. ಹೀಗಾಗಿ ಯಾರೂ ದೂರು ನೀಡದಿದ್ದರೂ, ಸಾಮಾಜಿಕ ಜಾಲತಾಣದಲ್ಲಿ ಸಾಮಗ್ರಿಯನ್ನು ಹಂಚಿದವರ ವಿರುದ್ಧ ಪ್ರಕರಣ ದಾಖಲಾಗಬಹುದು.

ಕೇಂದ್ರೀಯ ತನಿಖಾ ದಳವು 2019ರಲ್ಲಿ ಮಕ್ಕಳ ಆನ್‌ಲೈನ್ ಲೈಂಗಿಕ ದೌರ್ಜನ್ಯ ತಡೆಗೆ ವಿಶೇಷ ಘಟಕವನ್ನು ಸ್ಥಾಪಿಸಿತು. ಅದು 2021ರ ನವೆಂಬರ್‌ನಲ್ಲಿ 'ಆಪರೇಷನ್ ಕಾರ್ಬನ್' ಮತ್ತು 2022ರ ಸೆಪ್ಟೆಂಬರ್‌ನಲ್ಲಿ 'ಆಪರೇಷನ್ ಮೇಘಚಕ್ರ' ಎಂಬ ಹೆಸರಿನ ದೇಶವ್ಯಾಪಿ ಶೋಧ ಕಾರ್ಯಾಚರಣೆಗಳನ್ನು ನಡೆಸಿತು.

## ನ್ಯಾಯಾಲಯದ ವಿಚಾರಣೆ

ಪೋಕ್ಸೊ ಕಲಂ 28ರ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಒಂದು ಸೆಷನ್ಸ್ ನ್ಯಾಯಾಲಯವನ್ನು ವಿಶೇಷ ನ್ಯಾಯಾಲಯವೆಂದು ಗೊತ್ತುಪಡಿಸಲಾಗುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 67ಬಿ ಅಡಿಯ ಪ್ರಕರಣಗಳನ್ನೂ ಇದೇ ನ್ಯಾಯಾಲಯ ವಿಚಾರಣೆ ಮಾಡಬಹುದು. ಆದ್ದರಿಂದ ಸಂತ್ರಸ್ತ ಮಗು ಎರಡು ಕಡೆ ಅಲೆಯಬೇಕಾಗಿಲ್ಲ. ಶಹಾಪುರ ಮತ್ತು ಸುರಪುರದಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಿದ್ದರೂ, ಪೋಕ್ಸೊ ಪ್ರಕರಣಗಳ ವಿಚಾರಣೆಯು ಸೆಷನ್ಸ್ ದರ್ಜೆಯ ವಿಶೇಷ ನ್ಯಾಯಾಲಯದಲ್ಲಿಯೇ ನಡೆಯಬೇಕು. ಮೇಲ್ಮನವಿಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠದ ವ್ಯಾಪ್ತಿಗೆ ಬರುತ್ತವೆ.

ವಿಚಾರಣೆಯ ಮುಖ್ಯ ನಿಯಮಗಳು ಹೀಗಿವೆ:

* ವಿಚಾರಣೆಯು ಗೋಪ್ಯವಾಗಿ, ಮಗುವಿನ ಪೋಷಕರ ಅಥವಾ ಮಗು ನಂಬುವ ವ್ಯಕ್ತಿಯ ಸಮ್ಮುಖದಲ್ಲಿ ನಡೆಯಬೇಕು.
* ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಕೇಳುವಂತಿಲ್ಲ. ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ನೀಡಬೇಕು, ಅವರು ಮಗುವನ್ನು ಕೇಳುತ್ತಾರೆ.
* ಸಾಕ್ಷ್ಯ ನುಡಿಯುವಾಗ ಮಗುವಿಗೆ ಆರೋಪಿಯು ಕಾಣದಂತೆ ಪರದೆ, ವಿಡಿಯೊ ಸಂಪರ್ಕ ಮುಂತಾದ ವ್ಯವಸ್ಥೆ ಮಾಡಬೇಕು.
* ಮಗುವಿನ ಚಾರಿತ್ರ್ಯಹರಣ ಮಾಡುವ ಪ್ರಶ್ನೆಗಳಿಗೆ ಅವಕಾಶ ನೀಡಬಾರದು. ಮಗುವನ್ನು ಪದೇ ಪದೇ ಸಾಕ್ಷ್ಯಕ್ಕೆ ಕರೆಯಬಾರದು.
* ನ್ಯಾಯಾಲಯವು ಪ್ರಕರಣವನ್ನು ಪರಿಗಣನೆಗೆ ತೆಗೆದುಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು. ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು.

ಕಲಂ 23ರ ಪ್ರಕಾರ ಮಾಧ್ಯಮಗಳು ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಅಥವಾ ಗುರುತು ಬಿಟ್ಟುಕೊಡುವ ಯಾವುದೇ ಮಾಹಿತಿಯನ್ನು ಪ್ರಕಟಿಸುವಂತಿಲ್ಲ. ತಪ್ಪಿದಲ್ಲಿ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರುಗಳಲ್ಲಿ ಗ್ರಾಮದ ಹೆಸರು ಮತ್ತು ತರಗತಿಯನ್ನು ಹೇಳಿದರೂ ಮಗುವಿನ ಗುರುತು ಸಿಕ್ಕಿಬಿಡುತ್ತದೆ.

## ನೆರವು ಮತ್ತು ಪರಿಹಾರ

ಮಕ್ಕಳ ಕಲ್ಯಾಣ ಸಮಿತಿಯು ತನಿಖೆ ಮತ್ತು ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಗಿರಲು 'ಬೆಂಬಲ ವ್ಯಕ್ತಿ'ಯನ್ನು ನೇಮಿಸಬಹುದು. ಪ್ರಕರಣದ ಹಂತಗಳನ್ನು ಮಗುವಿಗೆ ಮತ್ತು ಕುಟುಂಬಕ್ಕೆ ತಿಳಿಸುವುದು, ಆಪ್ತ ಸಮಾಲೋಚನೆಗೆ ಕರೆದೊಯ್ಯುವುದು, ಶಾಲಾ ಶಿಕ್ಷಣ ನಿಲ್ಲದಂತೆ ನೋಡಿಕೊಳ್ಳುವುದು ಇವರ ಕೆಲಸ. 2020ರ ನಿಯಮಗಳ ಪ್ರಕಾರ ಆಹಾರ, ಬಟ್ಟೆ, ಪ್ರಯಾಣದಂತಹ ತಕ್ಷಣದ ಅಗತ್ಯಗಳಿಗೆ ವಿಶೇಷ ನೆರವನ್ನು ಸಮಿತಿ ಶಿಫಾರಸು ಮಾಡಬಹುದು. ವಿಚಾರಣೆಗಾಗಿ ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬರುವ ಕೂಲಿ ಕುಟುಂಬಕ್ಕೆ ಒಂದು ದಿನದ ದುಡಿಮೆಯೂ ಬಸ್ ವೆಚ್ಚವೂ ಹೊರೆಯಾಗುವುದರಿಂದ ಈ ನಿಯಮಕ್ಕೆ ಮಹತ್ವವಿದೆ.

ವಿಶೇಷ ನ್ಯಾಯಾಲಯವು ವಿಚಾರಣೆಯ ಯಾವುದೇ ಹಂತದಲ್ಲಿ ಮಧ್ಯಂತರ ಪರಿಹಾರವನ್ನು ಆದೇಶಿಸಬಹುದು. ಆರೋಪಿಯು ಪತ್ತೆಯಾಗದಿದ್ದರೂ ಅಥವಾ ಖುಲಾಸೆಯಾದರೂ ಪರಿಹಾರಕ್ಕೆ ಅಡ್ಡಿಯಿಲ್ಲ. ಆದೇಶವಾದ 30 ದಿನಗಳೊಳಗೆ ರಾಜ್ಯ ಸರ್ಕಾರ ಹಣ ಪಾವತಿಸಬೇಕು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಲಭ್ಯ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ತಾಲ್ಲೂಕು ಸಮಿತಿಗಳ ಮೂಲಕ ಇದನ್ನು ಪಡೆಯಬಹುದು.

## ಜಾಲತಾಣ ಸಂಸ್ಥೆಗಳ ಹೊಣೆ

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 79 ಬಳಕೆದಾರರು ಹಾಕುವ ವಿಷಯಕ್ಕೆ ಜಾಲತಾಣ ಸಂಸ್ಥೆಗಳನ್ನು ಹೊಣೆ ಮಾಡದಂತೆ ಷರತ್ತುಬದ್ಧ ರಕ್ಷಣೆ ನೀಡುತ್ತದೆ. 2021ರ ಫೆಬ್ರುವರಿಯಲ್ಲಿ ಪ್ರಕಟವಾದ ನಿಯಮಗಳು, ವ್ಯಕ್ತಿಯ ಖಾಸಗಿ ಅಂಗಗಳನ್ನು ತೋರಿಸುವ ಚಿತ್ರದ ಬಗ್ಗೆ ಸಂತ್ರಸ್ತರು ಅಥವಾ ಅವರ ಪರವಾಗಿ ಯಾರಾದರೂ ದೂರು ನೀಡಿದರೆ ಅದನ್ನು ತೆಗೆದುಹಾಕಲು ಮೂಲ ರೂಪದಲ್ಲಿ 24 ಗಂಟೆಗಳ ಗಡುವನ್ನು ನಿಗದಿಪಡಿಸಿದವು. ದೊಡ್ಡ ಸಾಮಾಜಿಕ ಜಾಲತಾಣಗಳು ಇಂತಹ ಸಾಮಗ್ರಿಯನ್ನು ತಾವಾಗಿಯೇ ಗುರುತಿಸುವ ತಂತ್ರಜ್ಞಾನ ಬಳಸಲು ಯತ್ನಿಸಬೇಕೆಂದೂ ಹೇಳಿದವು.

ಚಿತ್ರವನ್ನು ಯಾರಿಗೂ ಕಳುಹಿಸದೆ, ಅದರ ಡಿಜಿಟಲ್ ಬೆರಳಚ್ಚನ್ನು ಮಾತ್ರ ಸಿದ್ಧಪಡಿಸಿ ಜಾಲತಾಣಗಳಲ್ಲಿ ಅದರ ಹರಡುವಿಕೆಯನ್ನು ತಡೆಯಲು ನೆರವಾಗುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯನ್ನು ಅಮೆರಿಕದ ಮೇಲ್ಕಂಡ ಕೇಂದ್ರವು ನಡೆಸುತ್ತಿದೆ.

## ಪ್ರಮುಖ ತೀರ್ಪುಗಳು

ಕರ್ನಾಟಕ ಉಚ್ಚ ನ್ಯಾಯಾಲಯ, 2024: ಶೋಷಣಾ ಸಾಮಗ್ರಿಯನ್ನು ಕೇವಲ ವೀಕ್ಷಿಸುವುದು ಕಲಂ 67ಬಿ ಅಡಿ ಅಪರಾಧವಲ್ಲ ಎಂದು 2024ರ ಜುಲೈನಲ್ಲಿ ನ್ಯಾಯಾಲಯವು ಪ್ರಕರಣವೊಂದನ್ನು ರದ್ದುಪಡಿಸಿತ್ತು. ಕಲಂ 67ಬಿಯ ಉಪಕಲಂ (ಬಿ) ಹುಡುಕುವುದು, ಜಾಲಾಡುವುದು ಮತ್ತು ಡೌನ್‌ಲೋಡ್ ಮಾಡುವುದನ್ನೂ ಅಪರಾಧವೆಂದು ಹೇಳಿರುವುದು ಗಮನಕ್ಕೆ ಬಂದ ಬಳಿಕ, ಅದೇ ತಿಂಗಳು ತನ್ನ ಆದೇಶವನ್ನು ಹಿಂಪಡೆಯಿತು.

ಜಸ್ಟ್ ರೈಟ್ಸ್ ಫಾರ್ ಚಿಲ್ಡ್ರನ್ ಅಲೈಯನ್ಸ್ ಪ್ರಕರಣ, 2024: ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಅವರ ಪೀಠವು 23 ಸೆಪ್ಟೆಂಬರ್ 2024ರಂದು ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶವನ್ನು ರದ್ದುಪಡಿಸಿತು. ಪೋಕ್ಸೊ ಕಲಂ 15ರ ಮೂರು ಉಪಕಲಂಗಳು ಒಂದನ್ನೊಂದು ಅವಲಂಬಿಸದ ಪ್ರತ್ಯೇಕ ಅಪರಾಧಗಳೆಂದು ತೀರ್ಪು ನೀಡಿತು. ಸಾಮಗ್ರಿಯು ಸಾಧನದಲ್ಲಿ ಭೌತಿಕವಾಗಿ ಇಲ್ಲದಿದ್ದರೂ ಅದರ ಮೇಲೆ ವ್ಯಕ್ತಿಗೆ ನಿಯಂತ್ರಣವಿದ್ದರೆ ಅದು ಸ್ವಾಧೀನವೆನಿಸಬಹುದು ಎಂದಿತು. ಶೋಷಣಾ ಸಾಮಗ್ರಿಯ ಬಗ್ಗೆ ಪೊಲೀಸರಿಗೆ ವರದಿ ಮಾಡದ ಜಾಲತಾಣ ಸಂಸ್ಥೆಗಳಿಗೆ ಕಲಂ 79ರ ರಕ್ಷಣೆ ದೊರೆಯುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ವಯಸ್ಸಿಗೆ ತಕ್ಕ ಲೈಂಗಿಕ ಶಿಕ್ಷಣದ ಅಗತ್ಯವನ್ನು ಪೀಠವು ಒತ್ತಿಹೇಳಿತು.

## ಚರ್ಚೆ ಮತ್ತು ಟೀಕೆ

ಹದಿಹರೆಯದವರ ಸಂಬಂಧಗಳು: 18 ವರ್ಷದೊಳಗಿನವರ ಸಮ್ಮತಿಗೆ ಪೋಕ್ಸೊ ಕಾಯ್ದೆಯಲ್ಲಿ ಮಾನ್ಯತೆ ಇಲ್ಲ. ಹದಿನಾರು, ಹದಿನೇಳರ ಪ್ರಾಯದವರು ಪರಸ್ಪರ ಇಚ್ಛೆಯಿಂದ ಹಂಚಿಕೊಂಡ ಚಿತ್ರಗಳೂ ಕಾನೂನಿನ ಕಣ್ಣಿನಲ್ಲಿ ಶೋಷಣಾ ಸಾಮಗ್ರಿಯೇ ಆಗಬಹುದು. ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022ರ ನವೆಂಬರ್‌ನಲ್ಲಿ ಸಮ್ಮತಿಯ ವಯಸ್ಸನ್ನು ಮರುಚಿಂತಿಸುವಂತೆ ಭಾರತದ ಕಾನೂನು ಆಯೋಗವನ್ನು ಕೋರಿತ್ತು. ಆಯೋಗವು 2023ರಲ್ಲಿ ಸಲ್ಲಿಸಿದ 283ನೆಯ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದಿತು. ಆದರೆ 16ರಿಂದ 18 ವರ್ಷದವರ ಕೆಲವು ಪ್ರಕರಣಗಳಲ್ಲಿ ಶಿಕ್ಷೆ ನಿರ್ಧರಿಸುವಾಗ ನ್ಯಾಯಾಲಯಕ್ಕೆ ವಿವೇಚನಾಧಿಕಾರ ಇರಲಿ ಎಂದು ಶಿಫಾರಸು ಮಾಡಿತು.

ಮಗುವೇ ಆರೋಪಿಯಾದಾಗ: ಚಿತ್ರವನ್ನು ಹಂಚಿದವರು 18 ವರ್ಷದೊಳಗಿನವರಾಗಿದ್ದರೆ ಅವರನ್ನು ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಲಾಗುತ್ತದೆ. ಕಲಂ 67ಬಿಯ ಉಪಕಲಂ (ಇ) 'ತನ್ನ ಮೇಲಿನ ದೌರ್ಜನ್ಯ'ದ ಧ್ವನಿಮುದ್ರಣ ಅಥವಾ ಚಿತ್ರೀಕರಣವನ್ನೂ ಅಪರಾಧದ ವ್ಯಾಪ್ತಿಗೆ ತರುತ್ತದೆ. ಬೆದರಿಕೆಗೆ ಮಣಿದು ತನ್ನ ಚಿತ್ರವನ್ನು ತಾನೇ ತೆಗೆದ ಮಗುವನ್ನು ಇದು ಹೆದರಿಸಿ, ದೂರು ನೀಡದಂತೆ ಮಾಡಬಹುದು ಎಂಬ ಟೀಕೆ ಇದೆ.

ವರದಿಯ ಕಡ್ಡಾಯ ಮತ್ತು ಭಯ: ಕಡ್ಡಾಯ ವರದಿಯು ಪ್ರಕರಣಗಳನ್ನು ಮುಚ್ಚಿಹಾಕುವುದನ್ನು ತಡೆಯುತ್ತದೆ. ಆದರೆ ಶಿಕ್ಷಕರಲ್ಲಿಯೋ ವೈದ್ಯರಲ್ಲಿಯೋ ಮನಸ್ಸು ಬಿಚ್ಚಿ ಹೇಳಿಕೊಂಡರೆ ತಕ್ಷಣ ಪೊಲೀಸರಿಗೆ ತಿಳಿಯುತ್ತದೆ ಎಂಬ ಭಯದಿಂದ ಮಕ್ಕಳು ಸುಮ್ಮನಾಗುವ ಸಾಧ್ಯತೆಯೂ ಇದೆ. ಬಾಲ್ಯವಿವಾಹ ಇನ್ನೂ ಉಳಿದಿರುವ ಪ್ರದೇಶಗಳಲ್ಲಿ, ವಿಷಯ ಮನೆಯಲ್ಲಿ ಗೊತ್ತಾದರೆ ಶಾಲೆ ಬಿಡಿಸಿ ಮದುವೆ ಮಾಡುತ್ತಾರೆ ಎಂಬ ಅಂಜಿಕೆ ಬಾಲಕಿಯರನ್ನು ಬೆದರಿಕೆ ಹಾಕುವವನ ಹಿಡಿತದಲ್ಲಿಯೇ ಉಳಿಸುತ್ತದೆ. ಫೋನ್ ಕಸಿದುಕೊಳ್ಳುವುದು ಅಥವಾ ಮಗುವನ್ನು ದೂಷಿಸುವುದು ಶೋಷಕನಿಗೇ ಅನುಕೂಲವಾಗುತ್ತದೆ.

ಅರಿವು: ಕಾಯ್ದೆಯ ಬಗ್ಗೆ ಮಾಧ್ಯಮಗಳ ಮೂಲಕ ನಿರಂತರ ಪ್ರಚಾರ ನೀಡುವುದು ಕಲಂ 43ರ ಪ್ರಕಾರ ಸರ್ಕಾರಗಳ ಕರ್ತವ್ಯ. ಅನುಷ್ಠಾನದ ಮೇಲ್ವಿಚಾರಣೆಯನ್ನು ಕಲಂ 44 ರಾಷ್ಟ್ರೀಯ ಮತ್ತು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳಿಗೆ ವಹಿಸಿದೆ. ಒಂಬತ್ತನೆಯ ತರಗತಿಯಿಂದ ಮೇಲ್ಪಟ್ಟ ವಿದ್ಯಾರ್ಥಿಗಳಿಗೆ ಪೋಕ್ಸೊ ಕುರಿತು ಪಠ್ಯ ಸಾಮಗ್ರಿ ರೂಪಿಸಬೇಕೆಂದು ಧಾರವಾಡ ಪೀಠವು 2022ರ ತೀರ್ಪಿನಲ್ಲಿ ಶಿಕ್ಷಣ ಇಲಾಖೆಗೆ ನಿರ್ದೇಶಿಸಿತ್ತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮ ಸಭೆಗಳು ಮಕ್ಕಳೇ ತಮ್ಮ ಸಮಸ್ಯೆಗಳನ್ನು ಹೇಳಿಕೊಳ್ಳುವ ವೇದಿಕೆಗಳಾಗಿವೆ. ಶಾಲೆ ಬಿಟ್ಟ ಮಕ್ಕಳಿಗೆ ಮತ್ತು ಗುಳೆ ಹೋಗಿ ಬರುವ ಕುಟುಂಬಗಳಿಗೆ ಶಾಲೆಯಲ್ಲಿ ನೀಡುವ ತಿಳಿವಳಿಕೆ ತಲುಪದಿರುವುದರಿಂದ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಮಾಹಿತಿ ಮುಟ್ಟಿಸುವುದು ಯಾದಗಿರಿಯಂತಹ ಜಿಲ್ಲೆಗಳಲ್ಲಿ ಹೆಚ್ಚು ಪರಿಣಾಮಕಾರಿಯಾಗಬಲ್ಲದು.